ಅಳದೆ ಹಾಡಬೇಕಾದ ಹಾಡು

ವರ್ನಾ ಆಂಟಿ ಸತ್ತ ಸುದ್ದಿ ಬಂದಾಗ ನಾನು ಮೊಸರನ್ನಕ್ಕೆ ಒಗ್ಗರಣೆ ಹಾಕುತ್ತಿದ್ದೆ. ಹಾಕಿ ಮುಗಿಸಿದೆ. ಊಟವನ್ನೂ ಮಾಡಿದೆ. ಅಳು ಬರಲಿಲ್ಲ.

2011ರಲ್ಲಿ ನಾವು ಮೈಸೂರು ಬಿಟ್ಟು ಈ ನೆಲ್ಸನ್ ಊರಿಗೆ ಬಂದಾಗಿನಿಂದ ಅವರು ಪಕ್ಕದ ಮನೆಯವರು. ಹುಟ್ಟಿದ್ದು ಅಮೆರಿಕದ ಅಪಲೇಚಿಯನ್ ಬೆಟ್ಟಗಳಲ್ಲಿ. ಇಲ್ಲಿಯ ಸೇಬಿನ ತೋಟದವರನ್ನು ಮದುವೆಯಾಗಿ ಬಂದವರು. ಅವರಜ್ಜಿ ಕಟ್ಟಿದ ಒಂದು ಹಾಡು ಅವರ ಬಾಯಲ್ಲಿತ್ತು. ಗಣಿ ಕುಸಿದು ಸತ್ತ ಅವರೂರಿನ ಗಂಡಸರ ಹೆಸರುಗಳೆಲ್ಲ ಅದರಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಮಗಳು ಕಲಿಯಲಿಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ. ಮೈಸೂರಿನಲ್ಲಿ ಭಾವಗೀತೆ ಹಾಡಿ ಬಹುಮಾನ ಹೊಡೆದಿದ್ದ ನಾನೇ ಗಂಟುಬಿದ್ದೆ.

ಬರೆದುಕೊಳ್ಳುವಂತಿಲ್ಲ, ರೆಕಾರ್ಡ್ ಮಾಡುವಂತಿಲ್ಲ. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಅವರ ಬಾಯಿ ನೋಡುತ್ತಾ ಒಂದೊಂದೇ ನುಡಿ ಕಲಿಯಬೇಕು. ಅದೆಲ್ಲ ಬಂತು. ಬಾರದ್ದು ಒಂದೇ, ಮುಖ ಸುಮ್ಮನಿಡುವುದು. ಹಾಡಿನಲ್ಲಿ ವಿಧವೆಯೊಬ್ಬಳ ನುಡಿ ಬಂದರೆ ನನ್ನ ಹುಬ್ಬು ಏಳುತ್ತಿತ್ತು, ಗಂಟಲು ನಡುಗುತ್ತಿತ್ತು. ಆಂಟಿ ನನ್ನ ತೊಡೆಗೆ ಹೊಡೆದು ನಿಲ್ಲಿಸುತ್ತಿದ್ದರು. ಸತ್ತವರು ಅವರು, ನೀನು ಬರೀ ಹೆಸರು ಹೇಳುವವಳು, ಅಳುವುದು ಕೇಳುವವರ ಕೆಲಸ ಎನ್ನುತ್ತಿದ್ದರು. ಮುಖ ಸುಮ್ಮನಿಡುವುದು ಬರುವವರೆಗೆ ಜನರ ಮುಂದೆ ಹಾಡಕೂಡದೆಂದು ಆಣೆ ಮಾಡಿಸಿಕೊಂಡಿದ್ದರು. ಭಾವವಿಲ್ಲದ ಹಾಡು ಉಪ್ಪಿಲ್ಲದ ಸಾರು ಎಂದು ನಾನು ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ಮುದುಕಿಗೂ ಹಟ, ನನಗೂ ಹಟ.

ಅಂತ್ಯಕ್ರಿಯೆಗೆ ಅದೇ ಹಾಡು ಹಾಡಿ ಎಂದು ಅವರ ಮಗಳು ಕೇಳಿದಳು. ಆಣೆಯ ವಿಷಯ ಹೇಳಿದೆ. ನೀವು ಹಾಡದಿದ್ದರೆ ಅದು ಇವತ್ತೇ ಅಮ್ಮನ ಜೊತೆ ಮಣ್ಣಿಗೆ ಹೋಗುತ್ತದೆ ಎಂದಳು.

ಎದ್ದು ನಿಂತೆ. ಶವಪೆಟ್ಟಿಗೆ ಕಾಣುತ್ತಿತ್ತು, ಮೇಲಿನ ಹೂವೂ ಕಾಣುತ್ತಿತ್ತು. ನನ್ನೊಳಗೆ ಏನೂ ಇರಲಿಲ್ಲ. ಕೈಕಾಲು ಕೂಡ ಬೇರೆ ಯಾರದ್ದೋ ಅನ್ನಿಸುತ್ತಿತ್ತು. ಬಾಯಿ ತೆರೆದೆ, ಹೆಸರುಗಳು ಒಂದೊಂದಾಗಿ ಹೊರಬಂದವು. ವಿಧವೆಯ ನುಡಿಗೂ ಹುಬ್ಬು ಏಳಲಿಲ್ಲ, ಗಂಟಲು ನಡುಗಲಿಲ್ಲ. ಮುಂದಿನ ಸಾಲಿನಲ್ಲಿ ಮಗಳು ಬಿಕ್ಕಿದಳು. ಆಮೇಲೆ ಹಿಂದಿನ ಸಾಲುಗಳವರೂ ಅಳತೊಡಗಿದರು. ನನಗೆ ಬಂದದ್ದು ಮಾತ್ರ ಸಿಟ್ಟು. ಹೊಡೆದು ಹೊಡೆದು ಕಲಿಸಿದವರು ಕೇಳುವುದಕ್ಕೇ ಇಲ್ಲವಲ್ಲ ಎಂದು.

ಕಾರಿನಲ್ಲಿ ನನ್ನ ಗಂಡ ಬದರಿನಾಥ್ ಕೇಳಿದರು.

"ಏನೇ ಅಂಬುಜಾ, ಒಂಚೂರೂ ಫೀಲಿಂಗೇ ಇಲ್ದೆ ಹಾಡ್ಬಿಟ್ಯಲ್ಲ?"

"ಅದನ್ನ ಹಾಗೇ ಹಾಡ್ಬೇಕು ಕಣ್ರೀ," ಎಂದೆ. "ಅದು ನಂಗೆ ಬರೋಕೆ ಆಂಟೀನೇ ಸಾಯ್ಬೇಕಾಯ್ತು."