ಮಂಠಾಳದಲ್ಲಿ ವಿಶಾಖಾ ಹೆಣ್ಣು ನೋಡಿದ್ದು

೧

ಎಲ್ಲಿಂದ ಶುರು ಮಾಡೋಣ, ಓದುಗರೇ? ಸಂಬಳದಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ಸೇವೆಯಿಂದ ಶುರು ಮಾಡಿದರೆ ವಿಶಾಖಾಳೇ ಎದ್ದು ಹೋಗುತ್ತಾಳೆ. ಸೇವೆ ಎಂಬ ಮಾತು ಕೇಳಿದರೆ ಅವಳಿಗೆ ಮೈ ಉರಿಯುತ್ತದೆ. ಆ ಮಾತಾಡಿದವರೆಲ್ಲ ಸಂಬಳ ತಡ ಮಾಡುತ್ತಾರೆ ಎಂಬುದು ಅವಳ ಅನುಭವ.

ಹೋಗಲಿ, ನೇರವಾಗಿ ಹೇಳಿಬಿಡುತ್ತೇವೆ. ದುಬಲಗುಂಡಿಯ ವಿಶಾಖಾ ಎಂಎಸ್‌ಡಬ್ಲ್ಯೂ ಮುಗಿಸಿ ಬಸವಕಲ್ಯಾಣದ ಒಂದು ಸಣ್ಣ ಸಂಸ್ಥೆಯಲ್ಲಿದ್ದಾಳೆ. ಓದು ಬಿಟ್ಟ ಹುಡುಗಿಯರ ಮನೆಗೆ ಹೋಗಿ, ಅವರನ್ನು ಮರಳಿ ಓದಿಗೆ ಹಚ್ಚುವುದು ಅವಳ ಕೆಲಸ. ತಿಂಗಳಿಗೆ ಹದಿನಾಲ್ಕು ಸಾವಿರ, ಅದೂ ಬಂದಾಗ ಬಂತು. ಈಗ ಹುಮನಾಬಾದಿನ ಒಂದು ಫೈನಾನ್ಸ್ ಕಂಪನಿ ಅದರ ಎರಡರಷ್ಟು ಕೊಡುತ್ತೇನೆ ಅಂದಿದೆ. ಹೆಂಗಸರ ಗುಂಪುಗಳಿಂದ ಸಾಲದ ಕಂತು ವಸೂಲಿ ಮಾಡಬೇಕು. (ಹಳ್ಳಿಗಳು ಅವೇ, ಮನೆಗಳೂ ಅವೇ. ಬಾಗಿಲು ಬಡಿಯುವ ಕಾರಣ ಮಾತ್ರ ಬೇರೆ.) ಇವತ್ತು ಸಂಜೆ ಐದರೊಳಗೆ ಹೂಂ ಅನ್ನದಿದ್ದರೆ ಆ ನೌಕರಿ ಬೇರೆಯವರ ಪಾಲು.

೨

ಅದೇ ಮಧ್ಯಾಹ್ನ ಅವಳು ಮಂಠಾಳಕ್ಕೆ, ಕೂಲಿ ಮಾಡುವ ದೇವಿಂದ್ರಪ್ಪನ ಮನೆಗೆ ಹೊರಟಳು. ಅವನ ಮಗಳು ಶೀತಲ್‌ಗೆ ಹದಿನಾರು. ಹತ್ತನೇ ಕ್ಲಾಸು ಪಾಸಾಗಿಯೂ ಕಾಲೇಜಿಗೆ ಹೆಸರು ಹಚ್ಚಿರಲಿಲ್ಲ. ಮದುವೆಯ ಮಾತು ನಡೆದಿದೆ ಎಂಬ ಸುದ್ದಿ.

ಈ ಕಥೆಯ ಮೊದಲ ಕರಡಿನಲ್ಲಿ ವಿಶಾಖಾ ಜೀಪಿನಿಂದ ಧುಮುಕಿ, ಬಾಗಿಲಲ್ಲೇ ನಿಂತು ಕಾನೂನು ಹೇಳಿ ಗುಡುಗುತ್ತಾಳೆ. ಕಥೆಗಾರನಿಗೆ ಬಹಳ ಹಿಡಿಸಿದ ಪುಟ. ಅದನ್ನು ಓದಿದ ವಿಶಾಖಾಳಿಗೆ ಮಾತ್ರ ಪಿತ್ತ ನೆತ್ತಿಗೇರಿತು.

"ಜೀಪ್ ಎಲ್ಲಿಂದ ತಂದ್ರಿ ಸಾಹೇಬ್ರ? ನಾ ಬಸ್ಸಿನ್ಯಾಗ ಹೋಗಾಕಿ. ಮತ್ತ ಹಂಗ ಗುಡುಗಿದ್ರ ಮದುವಿ ಇಲ್ಲಿ ನಿಂದರ್ತದ, ನಾಳಿ ಬ್ಯಾರೆ ಊರಾಗ ಆಗ್ತದ. ಕಾನೂನು ಕಡೀಕ್ ಹೇಳೋದ್ರಿ. ಮೊದಲ ಚಹಾ ಕುಡೀಬೇಕು."

ಕರಡು ಹರಿದು ಹಾಕಲಾಯಿತು.

೨, ಮತ್ತೊಮ್ಮೆ

"ಬರ್ರಿ ಬರ್ರಿ, ನಿಮ್ಮ ಹಾದೀನೇ ನೋಡಾಕತ್ತಿದ್ವಿ," ಎಂದು ಶೀತಲ್‌ಳ ಅಜ್ಜಿ ಸುಂದರಬಾಯಿ ಕಾಲಿಗೆ ನೀರು ಕೊಟ್ಟಳು. ಒಳಗೆ ಹೊಸ ಜಮಖಾನೆ, ತಟ್ಟೆ ತುಂಬ ಮಂಡಕ್ಕಿ ಸುಸಲಾ. ದೇವಿಂದ್ರಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ. ಹೋಮ್ ವಿಸಿಟ್‌ನಲ್ಲಿ ವಿಶಾಖಾ ಇಂಥ ಉಪಚಾರ ಕಂಡವಳೇ ಅಲ್ಲ. ತಲೆ ಮೇಲೆ ಸೆರಗು ಹೊದ್ದ ಶೀತಲ್ ಚಹಾ ಹಿಡಿದು ಬಂದಾಗಲೇ ತಿಳಿದದ್ದು. ಚಿಟಗುಪ್ಪದಿಂದ ಹೆಣ್ಣು ನೋಡಲು ಬರುವವರಲ್ಲಿ ಹುಡುಗನ ಅಕ್ಕ ಮೊದಲೇ ಬಂದಿದ್ದಾಳೆ ಎಂದು ಮನೆಯವರು ಅಂದುಕೊಂಡಿದ್ದರು.

[ಕಥೆಗಾರನ ತಲೆಗೆ ಒಂದು ಉಪಾಯ ಹೊಳೆಯಿತು: ಇವಳು ಬೀಗರಂತೆ ನಟಿಸಿ, ಹುಡುಗಿ ನಮಗೆ ಒಪ್ಪಿಗೆಯಿಲ್ಲ ಎಂದು ಹೇಳಿ ಬರಲಿ. "ಸುಳ್ಳು ಹೇಳಿ ಬಂದ್ರ ಈ ಹೊಸ್ತಿಲಾ ಮತ್ತ ಹ್ಯಾಂಗ ತುಳೀಲ್ರಿ?" ಎಂದಳು ವಿಶಾಖಾ. ಅದೂ ಹೋಯಿತು.]

"ಆಯಿ, ನಾ ಬೀಗರ ಪೈಕಿ ಅಲ್ರಿ. ಶೀತಲ್ ಓದಿನ ಸಲುವಾಗಿ ಬಸವಕಲ್ಯಾಣದಿಂದ ಬಂದೀನಿ."

ದೇವಿಂದ್ರಪ್ಪ ಮುಖ ಗಂಟಿಕ್ಕಿಕೊಂಡು ಎದ್ದು ನಿಂತ. ವಿಶಾಖಾ ಏಳಲಿಲ್ಲ. "ಚಹಾ ತಂದಾಳಲ್ರಿ, ಕುಡದು ಹೋಗ್ತೀನಿ. ನೋಡಾಕ ಬಂದವರು ಹುಡುಗಿಗಿ ನಾಕು ಮಾತು ಕೇಳ್ತಾರ. ನಾನೂ ಕೇಳ್ಲೇನ್ರಿ?"

ತಾನೇ ಕೈಯಾರೆ ಸುಸಲಾ ಬಡಿಸಿದವಳನ್ನು ಎಬ್ಬಿಸಿ ಕಳಿಸಲು ಸುಂದರಬಾಯಿಗೆ ಮನಸ್ಸಾಗಲಿಲ್ಲ. "ಕೇಳವ್ವಾ," ಎಂದಳು.

"ಮುಂದ ಏನ್ ಮಾಡಬೇಕಂತೀ, ಶೀತಲ್?"

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ಆ ಮನೆಯಲ್ಲಿ ಶೀತಲ್ ಹುಟ್ಟಿದಾಗಿನಿಂದ ಮಾತಾಡುತ್ತಲೇ ಇದ್ದಾಳೆ, ಕಿವಿಗೊಟ್ಟವರು ಕಡಿಮೆ. ಹೆಣ್ಣು ನೋಡುವ ಹೊತ್ತಿನಲ್ಲಿ ಮಾತ್ರ ಹಿರಿಯರೆಲ್ಲ ಬಾಯಿ ಮುಚ್ಚಿ ಹುಡುಗಿಯ ಉತ್ತರಕ್ಕೆ ಕಾಯುತ್ತಾರೆ. ವಿಶಾಖಾ ಆ ಶಾಸ್ತ್ರವನ್ನು ಹಾಗೇ ಉಳಿಸಿಕೊಂಡು, ಪ್ರಶ್ನೆಯನ್ನು ಮಾತ್ರ ಬದಲಿಸಿದಳು. ಕಥೆಗಾರ ನಿಜಕ್ಕೂ ಬೆರಗಾದ. ಅವನ ಯಾವ ಕರಡಿನಲ್ಲೂ ಇದು ಇರಲಿಲ್ಲ.

"ಓದಬೇಕ್ರಿ," ಎಂದಳು ಶೀತಲ್. ಆಮೇಲೆ ತಲೆ ಎತ್ತಿದಳು. "ಅಕ್ಕಾ, ನಿಮ್ಮಂಗ ಮನಿ ಮನಿಗಿ ಹೋಗೋ ನೌಕರಿ ಮಾಡಬೇಕಂದ್ರ ಏನ್ ಓದಬೇಕ್ರಿ?"

ವಿಶಾಖಾ ಚಹಾದ ಕಪ್ಪು ಕೆಳಗಿಟ್ಟಳು. ತಾನು ಬಿಡಲು ಹೊರಟ ನೌಕರಿಯ ದಾರಿಯನ್ನು ಹುಡುಗಿ ಕೇಳುತ್ತಿದ್ದಳು. ಅಷ್ಟರಲ್ಲಿ ಸುಂದರಬಾಯಿ, ಹೆಣ್ಣಿನ ಕಡೆಯವರು ತಪ್ಪದೆ ಕೇಳುವ ಮಾತು ಕೇಳಿದಳು.

"ಪಗಾರ ಎಷ್ಟದವ್ವಾ?"

"ಹದಿನಾಲ್ಕು ಸಾವಿರ ರಿ." ವಿಶಾಖಾ ತಲೆ ತಗ್ಗಿಸಿದಳು.

"ತಿಂಗಳಾ ತಿಂಗಳಾ? ಹೊಲದಾಗ ಕೆಲಸ ಇರಲಿ ಬಿಡಲಿ? ಹೆಣ್ಣಮಗಳ ಕೈಯಾಗ ಕೊಡ್ತಾರ?" ಸುಂದರಬಾಯಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ದೇವಿಂದ್ರಪ್ಪ ಮೆಲ್ಲಗೆ ಮತ್ತೆ ಕೂತ.

[ಕಥೆ ಇಲ್ಲಿ ಮುಗಿದರೆ ಎಷ್ಟು ಚಂದ! ವಿಶಾಖಾ ಬಿಡಲಿಲ್ಲ. "ಹಂಗ ಮುಗಿಸಿದ್ರ ನಮ್ಮ ಸಂಸ್ಥಾದವರು ಈ ಕಥಿಗಿ ಕಟ್ಟು ಹಾಕ್ಸಿ ಗ್ವಾಡಿಗಿ ಹಚ್ತಾರ್ರಿ. ಇಷ್ಟ ಪಗಾರ ಭಾಳ ಆತು ಅಂತಾರ. ಎರಡು ತಿಂಗಳಿಂದ ಅದೂ ಬಂದಿಲ್ಲ, ಬರೀರಿ." ಬರೆಯಲಾಗಿದೆ.]

೩

ಫೋನು ಬಡಿದುಕೊಂಡಿತು. ಹುಮನಾಬಾದಿನ ಕಂಪನಿಯದು.

ಮುಕ್ತಾಯ ಒಂದು: ಅವಳು ಫೋನು ಕಟ್ ಮಾಡಿ ನಗುತ್ತಾಳೆ. ("ನನ್ನ ರೂಮಿನ ಬಾಡಿಗಿ ನೀವು ಕಟ್ತೀರೇನ್ರಿ?")

ಮುಕ್ತಾಯ ಎರಡು: ಅವಳು ಹೂಂ ಅನ್ನುತ್ತಾಳೆ. ಮುಂದೊಂದು ದಿನ ಇದೇ ಮನೆಗೆ ಕಂತು ಕೇಳಲು ಬರುತ್ತಾಳೆ. ಸುಂದರಬಾಯಿ ಕಾಲಿಗೆ ನೀರು ಕೊಡುತ್ತಾಳೆ. (ಇದನ್ನು ವಿಶಾಖಾ ಎರಡು ಸಲ ಓದಿದಳು. "ಅದು ಆಗಬಹುದ್ರಿ," ಎಂದಳು.)

ನಡೆದದ್ದು ಇಷ್ಟು. ಅವಳು ಫೋನೆತ್ತಿ, "ಸರ್, ಈಗ ಒಬ್ಬರ ಮನ್ಯಾಗ ಕುಂತೀನ್ರಿ. ಎದ್ದಮ್ಯಾಲ ಮಾತಾಡ್ತೀನಿ," ಎಂದಳು.

"ಮೇಡಂ, ಐದಕ್ಕ ಕ್ಲೋಸ್ ಆಗ್ತದ್ರಿ."

"ಗೊತ್ತದ್ರಿ," ಎಂದು ಫೋನನ್ನು ಜಮಖಾನೆಯ ಮೇಲೆ ಬೋರಲು ಹಾಕಿದಳು.

ಹೊರಗೆ ಗಾಡಿ ನಿಂತ ಸದ್ದಾಯಿತು. ಚಿಟಗುಪ್ಪದವರು. ದೇವಿಂದ್ರಪ್ಪ ತಾಯಿಯ ಮುಖ ನೋಡಿದ. ಸುಂದರಬಾಯಿ ಬಾಗಿಲನ್ನೂ ಮೊಮ್ಮಗಳನ್ನೂ ನೋಡಿದಳು.

"ಅವರಿಗಿ ಹೊರಗ ಕಟ್ಟಿ ಮ್ಯಾಲ ಕುಂದರಸು. ನೀರು ಕೊಡು. ಇಲ್ಲಿ ಮಾತು ಮುಗದಿಲ್ಲ."

ವಿಶಾಖಾ ಸರಿದು ಜಾಗ ಮಾಡಿದಳು. "ಬಾ ತಂಗಿ, ಕುಂದರು. ಏನ್ ಓದಬೇಕು ಹೇಳ್ತೀನಿ. ಪಗಾರ ನಿಂದರೋದೂ ಹೇಳ್ತೀನಿ. ಆಮ್ಯಾಲ ನೀನ ವಿಚಾರ ಮಾಡು."

ಶೀತಲ್ ಸೆರಗು ತಲೆಯಿಂದ ಸರಿಸಿ ಕೂತಳು. ಒಂದಾದ ಮೇಲೊಂದು ಪ್ರಶ್ನೆ ಕೇಳತೊಡಗಿದಳು. ಗಂಟೆ ಐದಾಯಿತೇ, ಕಟ್ಟೆಯ ಮೇಲಿನವರು ಎದ್ದು ಹೋದರೇ, ನೀವು ಕೇಳುತ್ತೀರೆಂದು ಗೊತ್ತು. ಕಥೆಗಾರನೂ ಅದನ್ನೇ ಕೇಳಿ ಒಂದು ಮುಕ್ತಾಯ ಹೇಳಲು ಬಾಯಿ ತೆರೆದ.

"ಜರಾ ಸುಮ್ಕಿರಪ್ಪಾ," ಎಂದಳು ಸುಂದರಬಾಯಿ, "ಹುಡುಗಿ ಮಾತಾಡಾಕತ್ತಾಳ."