ಮೈಲಮ್ಮನ ತೆಲುಗು ಹೋದದ್ದು

ಮಕ್ತಲ್‌ನ ಮೈಲಮ್ಮನ ತೆಲುಗು ಹೋದದ್ದು ಒಂದು ಮಂಗಳವಾರ, ಮೂರು ದಿನದ ಜ್ವರ ಇಳಿದ ಮೇಲೆ. ಮನೆಮಾತು ಕನ್ನಡವಾದರೂ, ನಲವತ್ತು ವರ್ಷ ತೆಲಂಗಾಣದ ಸಂತೆಯಲ್ಲಿ ಕಂಬಳಿ ಮಾರಿದ ಕುರುಬರ ಹೆಂಗಸು. ಅವಳು ತೆಲುಗಿನಲ್ಲಿ ಬೈಯತೊಡಗಿದರೆ ಪಕ್ಕದ ಅಂಗಡಿಯವರು ತಕ್ಕಡಿ ಕೆಳಗಿಟ್ಟು ಕೇಳುತ್ತಿದ್ದರು. ಅಂಥವಳು ಎದ್ದು ಕೂತು, ಸೊಸೆ ಕರುಣಾ "ಎಟ್ಲುಂದಿ ಅತ್ತಮ್ಮಾ?" ಎಂದು ಆರೋಗ್ಯ ವಿಚಾರಿಸಿದಾಗ ಅವಳ ಬಾಯನ್ನೇ ನೋಡುತ್ತ, "ಏನಂದ್ಯವ್ವಾ? ನನಗ ತಿಳೀವಲ್ದು" ಎಂದಳು.

ಬಸ್ ಕಂಡಕ್ಟರ್ ಮಗ ಭೀಮಶಂಕರ್ ರಜೆ ಹಾಕಿ ತಾಯಿಯನ್ನು ನಾರಾಯಣಪೇಟೆಗೆ ಕರೆದೊಯ್ದ. ಅಲ್ಲಿನ ಡಾಕ್ಟರು ಹೊಸಬರು, ಇನ್ನೂ ಹುಡುಗ. ಕಣ್ಣಿಗೆ ಟಾರ್ಚು ಬಿಟ್ಟರು, ಮೊಣಕಾಲು ತಟ್ಟಿದರು. ತಡವಾಗಿ ಕಲಿತ ಭಾಷೆಯೇ ಮೊದಲು ಹೋಗುವುದುಂಟು ಎಂದು, ಪುಸ್ತಕದಲ್ಲಿ ಓದಿದ್ದು ಕೊನೆಗೂ ಕಣ್ಣಿಗೆ ಬಿದ್ದ ಸಂತೋಷದಲ್ಲಿ ಹೇಳಿದರು. ಹೊರಗೆ ಚೀಟಿ ಕೊಡುವ ಕಾಂಪೌಂಡರ್ ಸಾಯಣ್ಣ ಮಾತ್ರ, "ನಮ್ಮ ಕಡಿ ಮಂದಿಗಿ ಜೀವ ಹೋದೀತು, ತೆಲುಗು ಹೋಗಂಗಿಲ್ಲ ಬಿಡ್ರಿ" ಎಂದು ನಕ್ಕ. ಮೈಲಮ್ಮ ನೋಡಿದ ನೋಟಕ್ಕೆ ಆ ನಗು ಅರ್ಧಕ್ಕೇ ನಿಂತಿತು.

ತೆಲುಗು ಎಲ್ಲಿಗೂ ಹೋಗಿರಲಿಲ್ಲ. ಎಲೆಯಡಿಕೆ ಚಂಚಿಯ ಹಾಗೆ ಸೊಂಟದಲ್ಲೇ ಇತ್ತು. ಬಿಚ್ಚಬಾರದೆಂದು ಅವಳು ತೀರ್ಮಾನಿಸಿದ್ದಳು, ಅಷ್ಟೆ.

ಅದಕ್ಕೆ ಕಾರಣ ಗದ್ವಾಲ್‌ನಿಂದ ಬಂದಿತ್ತು. ಕರುಣಾಳ ತಾಯಿ ಸುಗುಣಮ್ಮ ಅಲ್ಲಿನ ಒಂದು ಮಗ್ಗದ ಮನೆಯ ಯಜಮಾನತಿ. ಮೊಮ್ಮಗಳು ಅಖಿಲಾಗೆ ಮೂರು ತುಂಬಿದ ದಿನ ಉಡುಗೊರೆಯ ಜೊತೆ ಒಂದು ತೀರ್ಪನ್ನೂ ಹೊತ್ತು ಬಂದಿದ್ದಳು. ಮಗು ಇನ್ನೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಮನೆ ತುಂಬ ನೆಂಟರು ಕೂತು ಉಣ್ಣುವಾಗ ಸುಗುಣಮ್ಮ ಮಗಳಿಗೆ, "ಆ ಗೊರ್ಲ ಭಾಷ ಪಿಲ್ಲಕು ವದ್ದು" ಎಂದಳು. ಆ ಕುರಿಗಳ ಭಾಷೆ ಮಗುವಿಗೆ ಬೇಡ. ಎರಡೆರಡು ತುರುಕಿದರೆ ಎಳೆಯ ನಾಲಿಗೆ ಹೇಗೆ ಹೊರಳೀತು? ಇನ್ನು ಈ ಮನೆಯಲ್ಲಿ ಒಂದೇ ಭಾಷೆ.

ಭೀಮಶಂಕರ್ ಫ್ಯಾನನ್ನು ನೋಡುತ್ತ ಕೂತ. ಬೀರಪ್ಪನಿಗೆ ಹರಕೆ ಹೊತ್ತು ಮಗನನ್ನು ಪಡೆದಿದ್ದು ಹೀಗೆ ಫ್ಯಾನು ನೋಡಲಿಕ್ಕೇ ಎಂದು ಮೈಲಮ್ಮನಿಗೆ ಅನಿಸಿತು. ಕೈಯಲ್ಲಿದ್ದ ಹೋಳಿಗೆಯ ತಟ್ಟೆಯನ್ನು ಬೀಗಿತ್ತಿಯ ಮುಂದಿಟ್ಟು ಅವಳು ನಕ್ಕಳು. ಒಂದೇ ಭಾಷೆ ತಾನೆ, ಆಗಲಿ. ಯಾರದೆಂದು ಬೀಗಿತ್ತಿ ಹೇಳಿರಲಿಲ್ಲ. ಆ 'ಕುರಿ ಭಾಷೆ'ಯನ್ನು ಸುಗುಣಮ್ಮ ಕುರಿ ಭಾಷೆಯಲ್ಲೇ, ಮಂದಿಯ ಮುಂದೆಯೇ ವಾಪಸು ನುಂಗುವ ದಿನದವರೆಗೆ ಮೈಲಮ್ಮ ತೆಲುಗಿನ ಒಂದಕ್ಷರ ಆಡಳು. ಆ ವಾರವೇ ಜ್ವರ ಬಂದದ್ದು ಅವಳ ಅನುಕೂಲಕ್ಕೆ.

ಕರುಣಾ ಖಾಸಗಿ ಶಾಲೆಯಲ್ಲಿ ಟೀಚರು. ಹಗಲೆಲ್ಲ ಮಗು ಅಜ್ಜಿಯ ಬಳಿ. ಗ್ಯಾಸಿನವ ಬಂದನೇ, ನಲ್ಲಿ ಬಂತೇ ಎಂದು ತಿಳಿಯಬೇಕಾದರೂ ಸೊಸೆಗೆ ಅತ್ತೆಯ ಭಾಷೆ ಬೇಕಾಯಿತು. ಆರು ತಿಂಗಳಲ್ಲಿ, "ಕೂಸು ಉಂಡೈತೇನ್ರಿ ಅತ್ತಿ?" ಎಂದು ತಡವರಿಸದೆ ಕೇಳತೊಡಗಿದಳು. ಅಖಿಲಾ ಐದಕ್ಕೆ ಕಾಲಿಡುವಷ್ಟರಲ್ಲಿ ಎರಡೂ ಭಾಷೆಯಲ್ಲಿ ಎಡವದೆ ಓಡುತ್ತಿದ್ದಳು. ಅಜ್ಜಿ ಹೇಳಿದ್ದನ್ನು ಗ್ಯಾಸಿನವನಿಗೆ, ಗ್ಯಾಸಿನವ ಹೇಳಿದ್ದನ್ನು ಅಜ್ಜಿಗೆ ಮುಟ್ಟಿಸುತ್ತ, ಕಚೇರಿ ಗುಮಾಸ್ತನ ಗತ್ತಿನಲ್ಲಿ ಮನೆಯನ್ನೇ ನಡೆಸುತ್ತಿದ್ದಳು.

ಮೈಲಮ್ಮ ಕಳೆದುಕೊಂಡದ್ದೂ ಇತ್ತು. ಸಂಜೆಯ ತೆಲುಗು ಧಾರಾವಾಹಿಯಲ್ಲಿ ನಗುವ ಮಾತು ಬಂದಾಗ ಸೆರಗು ಕಚ್ಚಿ ಕೂರಬೇಕಿತ್ತು. ಆದರೆ ಗಳಿಕೆ ಅದಕ್ಕಿಂತ ಹೆಚ್ಚು. ಕರುಣಾ ಫೋನಿನ ಸ್ಪೀಕರ್ ಹಾಕಿ ತರಕಾರಿ ಹೆಚ್ಚುತ್ತ ತಾಯಿಯೊಡನೆ ಮಾತಾಡುತ್ತಿದ್ದಳು, ಅತ್ತೆಯ ಎದುರೇ. ಆ ಕಡೆಯಿಂದ ಸುಗುಣಮ್ಮ "ಮುಸಲಿ ಗೊರ್ರೆ" ಎಂದು, ಮುದಿ ಕುರಿ ಎಂದು, ಕರೆದರೆ ಮರುದಿನದ ಚಟ್ನಿಗೆ ಎರಡು ಮೆಣಸಿನಕಾಯಿ ಜಾಸ್ತಿ. "ನಾಟಕ ಮಾಡುತ್ತಾಳೆ" ಅಂದ ಮರುದಿನ ಕರುಣಾಳ ಕಣ್ಣಲ್ಲಿ ನೀರು ಹರಿಯಿತು. ಮೈಲಮ್ಮ ಅಕ್ಕರೆಯಿಂದ ತಂಬಿಗೆ ನೀರು ಕೊಟ್ಟಳು.

ಸುಗುಣಮ್ಮ ಸುಮ್ಮನೆ ನಂಬುವವಳಲ್ಲ. ಯುಗಾದಿಗೆ ಬಂದವಳು, ಮೈಲಮ್ಮ ಕಟ್ಟೆಯ ಮೇಲೆ ಅಕ್ಕಿ ಆರಿಸುವಾಗ ಒಮ್ಮೆಲೇ ಚೀರಿದಳು: "ವದಿನಾ, ತೇಲು! ನೀ ಕಾಲು ದಗ್ಗರ ತೇಲು!"

ಅತ್ತಿಗೆ, ಕಾಲ ಬಳಿ ಚೇಳು ಎಂದರೂ ಮೈಲಮ್ಮ ಕದಲಲಿಲ್ಲ. ನಿಧಾನವಾಗಿ ತಲೆಯೆತ್ತಿ, "ಏನಂತಾಳವ್ವ ನಿಮ್ಮ ಅಮ್ಮಮ್ಮ?" ಎಂದು ಅಖಿಲಾಳನ್ನು ಕೇಳಿದಳು.

ಸುಗುಣಮ್ಮನಿಗೆ ಸಮಾಧಾನವಾಯಿತು. ಮಗುವನ್ನು ಆಡಲು ಹೊರಗೆ ಕಳಿಸಿ, ಅಲ್ಲೇ ಕೂತು ಮಗಳಿಗೆ ತೆಲುಗಿನಲ್ಲಿ ಬಿಡಿಸಿ ಹೇಳಿದಳು: ಜೂನಿನಲ್ಲಿ ಅಖಿಲಾಳನ್ನು ಗದ್ವಾಲ್‌ನ ಶಾಲೆಗೆ ಸೇರಿಸೋಣ, ನಮ್ಮಲ್ಲೇ ಇರಲಿ, ಈ ಮುದುಕಿಗೆ ಸೇರಿಸಿದ ಮೇಲೆ ಹೇಳಿದರಾಯಿತು. ಕರುಣಾ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲೂ ಇಲ್ಲ. ಮೈಲಮ್ಮ ಒಂದೊಂದೇ ಕಲ್ಲು ಆರಿಸಿ ಎಸೆದಳು. ಒಂದು ಕಲ್ಲು ಮಾತ್ರ ಬೀದಿ ದಾಟಿ ಹೋಗಿ ಬಿತ್ತು.

ದಾರಿ ತೋರಿಸಿದವಳು ಅಖಿಲಾಳೇ. ಒಂದು ಮಧ್ಯಾಹ್ನ ಟವೆಲುಗಳನ್ನು ಹರವಿಕೊಂಡು ಅಂಗಡಿಯಾಟ ಆಡುತ್ತಿದ್ದಳು: "ಬರ್ರಿ ಅಕ್ಕಾರ, ಕುಂದರ್ರಿ. ಅಂಚು ನೋಡ್ರಿ, ರೇಷ್ಮಿ!"

"ಯಾರು ಕಲಿಸ್ಯಾರ ನಿನಗ ಇದು?"

"ಅಮ್ಮಮ್ಮ. ರಾಯಚೂರಿನಾರು ಸೀರಿ ತಗೊಳಾಕ ಬಂದಾಗ ಹಿಂಗ ಮಾತಾಡ್ತಾಳ."

ಮೈಲಮ್ಮ ಚೌಕಾಶಿ ಮಾಡದೆ ಒಂದು ಟವೆಲು ಕೊಂಡಳು. ಆಮೇಲೆ ರಾಯಚೂರಿನ ದೊಡ್ಡಮ್ಮನ ಮಗಳು ಗುರುಲಿಂಗಮ್ಮನಿಗೆ ಫೋನು ಹಚ್ಚಿದಳು. ಅವರ ಮನೆಯಲ್ಲಿ ಮದುವೆ ಗೊತ್ತಾಗಿತ್ತು. ಜವಳಿ ಇನ್ನೂ ಆಗಿರಲಿಲ್ಲ.

ಎಂಟು ದಿನದಲ್ಲಿ ಗದ್ವಾಲ್‌ನ ಆ ಮಗ್ಗದ ಮನೆಯ ಪಡಸಾಲೆಯಲ್ಲಿ ರಾಯಚೂರಿನ ಐದು ಜನ ಹೆಂಗಸರು ಕೂತರು. ಬಾಗಿಲ ಬಳಿ, ಹಿಂದೆ, ಹಣೆಯವರೆಗೆ ಸೆರಗೆಳೆದುಕೊಂಡ ಆರನೆಯವಳು. ಅವಳ ಮಡಿಲಲ್ಲಿ, ಉಸಿರೆತ್ತದೆ ಕೂರುವ ಆಟವೆಂದು ನಂಬಿಸಿದ ಮಗು. ಸುಗುಣಮ್ಮ ಸೀರೆ ಬಿಚ್ಚಿ ಹರವಿದಳು. ಅವಳ ಕನ್ನಡ ಎಣ್ಣೆ ಹಚ್ಚಿದ ಮಗ್ಗದಂತೆ ಸರಾಗವಾಗಿ ಓಡುತ್ತಿತ್ತು.

"ಇದು ನೋಡ್ರಿ ಅಕ್ಕಾರ. ಒಡಲು ಹತ್ತಿ, ಅಂಚು ರೇಷ್ಮಿ. ಎರಡೂ ಬ್ಯಾರೆ ಬ್ಯಾರೆ ನೂಲು. ಒಂದ್ರಾಗೊಂದು ಸಿಗಿಸಿ ನೇಯ್ತೀವ್ರಿ. ಎಳದು ನೋಡ್ರಿ, ಹರಿಯಂಗಿಲ್ಲ!"

"ಎರಡು ನೂಲು ಸೀರ್ಯಾಗ ನಡೀತಾವ. ಕೂಸಿನ ಬಾಯಾಗ ನಡೆಯಂಗಿಲ್ಲೇನು ಬೀಗ್ತಿ?"

ಸುಗುಣಮ್ಮನ ಕೈಯಿಂದ ಸೀರೆ ಜಾರಿತು. ಸೆರಗು ಸರಿಸಿ ಮೈಲಮ್ಮ ಹಾಯಾಗಿ ಕೂತಿದ್ದಳು. ಸುಗುಣಮ್ಮ ತೆಲುಗಿನಲ್ಲಿ ಏನೋ ಶುರುಮಾಡಿದಳು.

"ನನಗ ತೆಲುಗು ಬರಂಗಿಲ್ಲವ್ವ, ಡಾಕ್ಟರ್ ಹೇಳ್ಯಾನ. ಕನ್ನಡದಾಗ ಹೇಳು. ಭಾಳ ಚಂದ ಮಾತಾಡ್ತಿ. ಕುರಿ ಸೈತ ಕಿವಿ ನಿಗುರಿಸಿ ಕೇಳ್ಬೇಕು, ಹಂಗ."

"ಏನಿದು ಕುರಿ ಸುದ್ದಿ?" ಎಂದು ಗುರುಲಿಂಗಮ್ಮ ಆಸೆಯಿಂದ ಕೇಳಿದಳು. ಐದೂ ಜನ ಸೀರೆ ಬಿಟ್ಟು ಬೀಗಿತ್ತಿಯರತ್ತ ತಿರುಗಿದ್ದರು.

"ನೀನೇ ಹೇಳ್ತಿಯೋ, ನಾ ಹೇಳ್ಲೋ?"

ಸುಗುಣಮ್ಮ ಹರವಿದ ಸೀರೆಗಳತ್ತ ನೋಡಿದಳು; ಕೊಳ್ಳಲು ಬಂದ ಐವರದೂ ಅದೇ 'ಕುರಿ ಭಾಷೆ'. "ಅಂದಿದ್ದೆ ವದಿನಾ. ತಪ್ಪಾತು. ಕೂಸು ಎರಡೂ ಮಾತಾಡ್ಲಿ."

"ಮತ್ತ ಜೂನ್‌ದಾಗ ಸಾಲಿ?"

"ಮಕ್ತಲ್‌ದಾಗೇ ಓದ್ಲಿ. ನಾ ಕರಕೊಳ್ಳಂಗಿಲ್ಲ..." ಎಂದವಳು ತಟ್ಟನೆ ತಲೆಯೆತ್ತಿದಳು. ಜೂನಿನ ಮಾತು ಆಡಿದ್ದು ತೆಲುಗಿನಲ್ಲಿ. ಮಗು ಹೊರಗಿತ್ತು. "ಜೂನ್ ಸುದ್ದಿ ನಿನಗ ಯಾರು ಹೇಳಿದ್ರು?"

ಮೈಲಮ್ಮ ಮುಂದಕ್ಕೆ ಸರಿದಳು. ಸೀರೆಯ ಅಂಚನ್ನು ಎತ್ತಿ, ಎಳೆದು ನೋಡಿದಳು. ಹರಿಯಲಿಲ್ಲ. ಸುಗುಣಮ್ಮನ ಮುಖದಲ್ಲಿ ಎರಡು ವರ್ಷದ ಫೋನಿನ ಮಾತುಗಳು ಒಂದರ ಹಿಂದೊಂದು ಹಾದುಹೋಗುತ್ತಿದ್ದವು. ಇವಳಿಗೆ ತೆಲುಗು ಬರುತ್ತದೆ ಎಂದು ಕೂಗಬಹುದಿತ್ತು. ಕೂಗಿದರೆ, ಅವಳಿಗೆ ಏನೇನು ಕೇಳಿಸಿದೆ ಎಂಬುದನ್ನೂ ಇದೇ ಗಿರಾಕಿಗಳ ಮುಂದೆ ಕೇಳಬೇಕಿತ್ತು.

"ಚಹಾ ಕುಡೀತಿಯೇನು ವದಿನಾ?" ಎಂದಳು, ಕನ್ನಡದಲ್ಲಿ.

"ಸಕ್ರಿ ಜಾಸ್ತಿ ಹಾಕು" ಎಂದಳು ಮೈಲಮ್ಮ.

ಮರಳುವಾಗ ಬಸ್ಸು ಜೂರಾಲ ಅಣೆಕಟ್ಟಿನ ಮೇಲಿತ್ತು. ಅಖಿಲಾ ಅಜ್ಜಿಯ ಕಿವಿಗೆ ಬಾಯಿಟ್ಟಳು.

"ಅಜ್ಜೀ, ನಿನಗ ತೆಲುಗು ಬರ್ತೈತಿ."

"ಯಾರಂದ್ರು?"

"ಅಮ್ಮಮ್ಮ ತೇಲು ಅಂದಾಗ ನಿನ್ನ ಕಾಲಿನ ಹೆಬ್ಬಟ್ಟು ಮ್ಯಾಲೆದ್ದಿತ್ತು. ನಾ ನೋಡೀನಿ."

ಮೈಲಮ್ಮ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. "ಯಾರಿಗರ ಹೇಳಿಯೇನು?"

"ಇಲ್ಲ. ಚಟ್ನಿಗಿ ಖಾರ ಕಡಿಮಿ ಹಾಕು. ಅಮ್ಮ ಅಳ್ತಾಳ." ಆಮೇಲೆ ಮಗು ತೆಲುಗಿಗೆ ಹೊರಳಿ, ತಣ್ಣಗೆ ಹೇಳಿತು: "ಲೇಕಪೋತೆ ಚೆಪ್ತ." ಇಲ್ಲದಿದ್ದರೆ ಹೇಳಿಬಿಡುತ್ತೇನೆ.

ಮೈಲಮ್ಮ ಹಿಂದೆ ಮುಂದೆ ನೋಡಿದಳು. ಎಂಜಿನ್ನಿನ ಸದ್ದು ಸಾಕಷ್ಟಿತ್ತು. "ಸರೇ ಬಿಡ್ಡಾ" ಎಂದು ಒಪ್ಪಿದಳು, ತೆಲುಗಿನಲ್ಲಿ, ಎರಡು ವರ್ಷದಲ್ಲಿ ಮೊದಲ ಬಾರಿಗೆ. ಅಷ್ಟಕ್ಕೇ ಬಿಡಲು ಮನಸ್ಸು ಬರಲಿಲ್ಲ.

"ಅಮ್ಮಮ್ಮ ಬಂದಾಗ?"

ಅಖಿಲಾ ಕಿಟಕಿಯಾಚೆಯ ನೀರು ನೋಡುತ್ತ ಯೋಚಿಸಿದಳು.

"ಅಮ್ಮಮ್ಮ ಬಂದಾಗ ಹಾಕು."