ತಳಿಪಟ್ಟಿಯಲ್ಲಿ ಒಂದು ಹೆಸರು

"ಇನ್ನೊಂಚೂರು ಎಡಕ್ಕೆ. ಬೆನ್ನಿಗೆ ದಿಂಬು ಕೊಡಿ," ಎಂದರು ಅಯ್ನೋರು.

ಚಾಮರಾಜಪೇಟೆಯ ಮನೆಯ ನಡುಮನೆಯಲ್ಲಿ ಪಂಚಾಕ್ಷರಯ್ಯನವರ ದೇಹವನ್ನು ಗೋಡೆಗೆ ಒರಗಿಸಿ ಕೂರಿಸುವ ಕೆಲಸ ನಡೆದಿತ್ತು. ಎಪ್ಪತ್ಮೂರು ವರ್ಷ ಮನೆಯಲ್ಲಿ ಯಾರ ಮಾತಿಗೂ ಎದುರಾಡದೆ ಬಾಳಿದ ಮನುಷ್ಯ ಇವತ್ತೊಂದು ದಿನ ಹೇಳಿದ ಮಾತು ಕೇಳುತ್ತಿರಲಿಲ್ಲ. ಕೊನೆಗೆ ಮಗ ಕೈಲಾಸ್ ಬೆನ್ನಿಗೆ ಹಲಗೆ ಕೊಟ್ಟು ಕಟ್ಟಿದ. ಹಣೆತುಂಬ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟರು.

"ಮೊದ್ಲು ಅದನ್ನ ಆಚೆ ಕಟ್ಟು," ಎಂದರು ಪುಟ್ಟಯ್ಯ. ಸತ್ತವರ ಅಣ್ಣ, ಅವೆನ್ಯೂ ರಸ್ತೆಯ ಅಂಗಡಿಯ ಯಜಮಾನರು.

ಅವರು ಹೇಳಿದ್ದು ಮಲ್ಲಿಯ ವಿಷಯ. ಐದು ವರ್ಷದ ಮುಧೋಳ ಹೆಣ್ಣುನಾಯಿ. ಉದ್ದ ಕಾಲು, ಸಪೂರ ಮುಖ, ಒಳಕ್ಕೆ ಎಳೆದುಕೊಂಡ ಹೊಟ್ಟೆ. ಬೆಳಗಿನಿಂದ ಹೊಸ್ತಿಲಿಗೆ ಅಡ್ಡ ಮಲಗಿತ್ತು. ಬಂದವರೆಲ್ಲ ಪಂಚೆ, ಸೀರೆ ಎತ್ತಿ ಹಿಡಿದು ಅದನ್ನು ದಾಟಿಯೇ ಒಳಗೆ ಬರಬೇಕಾಗಿತ್ತು.

"ಸಂಜೆ ನಾಲ್ಕಕ್ಕೆ ಕನಕಪುರ ರಸ್ತೆಯ ತೋಟದವರು ಬಂದು ಕರ್ಕೊಂಡು ಹೋಗ್ತಾರೆ ದೊಡ್ಡಪ್ಪ. ಮಾತಾಡಿದೀನಿ," ಎಂದ ಕೈಲಾಸ್.

"ಇವತ್ತೇನಾ ಅಪ್ಪಾ?" ಎಂದಳು ಅವನ ಮಗಳು ಮಾನ್ಯ. "ತಾತನ್ನ ಇನ್ನೂ ಮಣ್ಣು ಮಾಡಿಲ್ಲ."

"ನೋಡ್ಕೊಳ್ಳೋರು ಯಾರು? ನೀನು ಕಾಲೇಜಿಗೆ, ನಾವಿಬ್ರು ಆಫೀಸಿಗೆ. ಅಜ್ಜಿ ಒಂದಿನ ಆದ್ರೂ ಅದನ್ನ ಮುಟ್ಟಿದಾರಾ, ಕೇಳು."

ಗಂಡನ ಪಕ್ಕ ಕೂತಿದ್ದ ದಾಕ್ಷಾಯಣಮ್ಮ ಹೊಸ್ತಿಲ ಕಡೆ ನೋಡಿದರು. ಮಗ ಹೇಳಿದ್ದು ನಿಜ. ಐದು ವರ್ಷ ಅವರು ಆ ನಾಯಿ ಹತ್ತಿರ ಬಂದಾಗೆಲ್ಲ ಸೆರಗು ಎಳೆದುಕೊಂಡಿದ್ದರು. "ನಂಗೆ ಜ್ವರ ಬಂದ್ರೆ ಕಷಾಯ, ಇದಕ್ಕಾದ್ರೆ ಇನ್ಶೂರೆನ್ಸು" ಎಂದು ನೆಂಟರಿಷ್ಟರ ಮುಂದೆಲ್ಲ ಆಡಿಕೊಂಡಿದ್ದರು.

"ನಮ್ ಪಂಚನ ಸಾಧನೆ ಅಂದ್ರೆ ಇಷ್ಟೇ ನೋಡಿ," ಪುಟ್ಟಯ್ಯ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. "ನಲವತ್ತು ವರ್ಷ ನನ್ನ ಅಂಗಡೀಲಿ ಕೂತು ಅರ್ಜಿ ಫಾರಂ ಮಾರ್ದ. ಆಮೇಲೆ ನಾಯಿಗೆ ಇನ್ಶೂರೆನ್ಸ್ ಮಾಡಿಸ್ದ. ಮುಗೀತು."

ಪಕ್ಕದ ಮನೆಯವರು ನಗು ತಡೆದುಕೊಂಡರು. ದಾಕ್ಷಾಯಣಮ್ಮನಿಗೆ ಅದು ಕೇಳಿಸಿತು, ಚುಚ್ಚಿತು ಕೂಡ.

* * *

ಮಲ್ಲಿಗೆ ಒಂದು ವರ್ಷವಾಗಿದ್ದಾಗ ಮೈದಾನದಲ್ಲಿ ಗಾಳಿಪಟದ ಹಿಂದೆ ಓಡಿ ಮುಂಗಾಲು ಮುರಿದುಕೊಂಡಿತ್ತು. ಡಾಕ್ಟರು ಕಾಲಿಗೆ ರಾಡು ಹಾಕಿ, ಇನ್ನು ಮುಂದೆ ಇದಕ್ಕೊಂದು ವಿಮೆ ಇರಲಿ ಎಂದರು. ವಿಮಾ ಕಂಪನಿಯಿಂದ ದೀಪ್ತಿ ಎಂಬ ಹುಡುಗಿ ಫಾರಂ ಹಿಡಿದು ಮನೆಗೇ ಬಂದಳು.

ಪಂಚಾಕ್ಷರಯ್ಯ ಕನ್ನಡಕ ಏರಿಸಿ ಓದಿದರು. ತಳಿ ಎಂಬಲ್ಲಿ ಲ್ಯಾಬ್ರಡಾರ್ ಇತ್ತು, ಪಗ್ ಇತ್ತು, ಬಾಯಿ ತಿರುಗದ ಹೆಸರುಗಳೆಲ್ಲ ಇದ್ದವು. ಮುಧೋಳ ಇರಲಿಲ್ಲ.

"ಇತರೆ ಅಂತ ಟಿಕ್ ಮಾಡಿ ಸರ್. ಎಲ್ರೂ ಹಾಗೇ ಮಾಡೋದು."

"ಇತರೆ ಅಂದ್ರೆ ಏನೇನು ಸಿಗುತ್ತಮ್ಮ?"

"ಆಕ್ಸಿಡೆಂಟಿಗೆ ಮಾತ್ರ. ಕಾಯಿಲೆ, ಆಪರೇಷನ್ ಇವೆಲ್ಲ ಪಟ್ಟೀಲಿರೋ ಜಾತಿ ನಾಯಿಗಳಿಗಷ್ಟೇ ಸರ್."

"ಹಾಗಾದ್ರೆ ನಾನು ಟಿಕ್ ಮಾಡಲ್ಲ. ನಲವತ್ತು ವರ್ಷ ಫಾರಂ ಮಾರಿದೀನಿ. ಇವಳು ಅಪ್ಪಟ ಮುಧೋಳ. ಕಾಲಂ ಇಲ್ಲ ಅಂದ್ರೆ ಫಾರಂ ತಪ್ಪು, ನಾಯಿ ತಪ್ಪಲ್ಲ."

ಅಂದಿನಿಂದ ಅವರ ದಿನಚರಿಯೇ ಬದಲಾಯಿತು. ಬೆಳಗ್ಗೆ ಮಲ್ಲಿಗೆ ರಾಗಿ ಅಂಬಲಿ, ಬೇಯಿಸಿದ ಮೊಟ್ಟೆ. (ಮೊಟ್ಟೆ ಬೇಯಿಸಲು ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ, ದಾಕ್ಷಾಯಣಮ್ಮನ ಅಡುಗೆಮನೆಗೆ ಅದು ಕಾಲಿಡುವಂತಿರಲಿಲ್ಲ.) ತೆಳು ಚರ್ಮದ ನಾಯಿಗೆ ಚಳಿ ತಡೆಯದು ಎಂದು ತಮ್ಮ ಹಳೆಯ ಸ್ವೆಟರ್ ಕತ್ತರಿಸಿ ತಾವೇ ಅಂಗಿ ಹೊಲಿದರು. ಹನ್ನೊಂದು ಗಂಟೆಗೆ ಕಂಪನಿಗೆ ಕಾಗದ. ತಳಿಯ ನೋಂದಣಿ ಪತ್ರ, ಲಸಿಕೆ ಪುಸ್ತಕ, ಎಡದಿಂದ ಒಂದು ಬಲದಿಂದ ಒಂದು ಫೋಟೋ ಎಲ್ಲ ಲಗತ್ತಿಸಿ ಕಳಿಸುವರು. ಪರಿಶೀಲಿಸುತ್ತೇವೆ ಎಂಬ ಉತ್ತರ ಬಂದರೆ ಇನ್ನೊಂದು ಕಾಗದ.

ಹದಿನಾಲ್ಕನೇ ತಿಂಗಳಲ್ಲಿ ದೀಪ್ತಿ ಹೊಸ ಫಾರಂ ಹಿಡಿದು ಓಡೋಡಿ ಬಂದಳು. ಎರಡು ಪರದೇಶದ ಹೆಸರುಗಳ ನಡುವೆ 'ಮುಧೋಳ' ಎಂದು ಅಚ್ಚಾಗಿತ್ತು. ಪಂಚಾಕ್ಷರಯ್ಯ ಅದನ್ನು ಮೂರು ಸಲ ಓದಿ, ಬೀದಿಗೆಲ್ಲ ಮೈಸೂರು ಪಾಕು ಹಂಚಿದರು.

"ಮೊಮ್ಮಗಳು ಪಾಸಾದ್ಲಾ?" ಎಂದು ಕೇಳಿದವರಿಗೆ, "ಇಲ್ಲ, ಮಲ್ಲಿ ಫಾರಂನಲ್ಲಿ ಬಂದ್ಲು," ಎಂದರು.

* * *

ಹನ್ನೊಂದರ ಹೊತ್ತಿಗೆ ಮನೆಯ ಮುಂದೆ ಒಂದು ಆಟೋ ನಿಂತಿತು. ಅದರಿಂದ ಖಾಕಿ ಅಂಗಿಯವನೊಬ್ಬ ಇಳಿದ. ಅವನ ಹಿಂದೆ ಕರಿ ಬಣ್ಣದ ಮುಧೋಳವೊಂದು ಇಳಿಯಿತು.

"ಅಮ್ಮಾ, ನಾನು ರವಿಕುಮಾರ್, ಕಲಾಸಿಪಾಳ್ಯ. ಭಾನುವಾರ ಫಾರಂ ಬರೆಸೋಕೆ ಬರ್ತಿದ್ನಲ್ಲ. ನಿಮ್ಮ ಕೈಯಿಂದ ಕಾಫಿ ಕುಡಿದಿದೀನಿ."

ದಾಕ್ಷಾಯಣಮ್ಮನಿಗೆ ಮುಖದ ಗುರುತು ಹತ್ತಿತು. ಭಾನುವಾರ ಭಾನುವಾರ ಜಗಲಿಯಲ್ಲಿ ಯಾರ್ಯಾರೋ ಬಂದು ಕೂರುತ್ತಿದ್ದರು. ಗಂಡನಿಗೆ ಬೇರೆ ಕೆಲಸವಿಲ್ಲ ಎಂದು ಗೊಣಗುತ್ತಲೇ ಅವರು ಲೋಟ ತುಂಬಿಸುತ್ತಿದ್ದರು.

"ಹೋದ ವರ್ಷ ನಮ್ ಕರಿಯಂಗೆ ಹೊಟ್ಟೆ ತಿರುಚ್ಕೊಂಡಿತ್ತಮ್ಮ. ಅವತ್ತೇ ಆಪರೇಷನ್ ಆಗ್ಬೇಕಿತ್ತು. ನಾನು ಆಟೋ ಮಾರಿದ್ರೂ ಆಗ್ತಿರ್ಲಿಲ್ಲ. ಯಜಮಾನ್ರು ಬರೆದುಕೊಟ್ಟ ಪಾಲಿಸಿ ಇತ್ತು, ಉಳ್ಕೊಂಡ." ಅವನು ನಾಯಿಯ ತಲೆ ನೇವರಿಸಿದ. "ಆ ಹೆಸರು ಹಾಕ್ಸೋ ಮುಂಚೆ ನಮ್ ನಾಯಿಗಳನ್ನ ಯಾರೂ ಲೆಕ್ಕಕ್ಕೆ ತಗೋತಿರ್ಲಿಲ್ಲ."

ಅಷ್ಟರಲ್ಲಿ ಮಲ್ಲೇಶ್ವರದ ಟೀಚರೊಬ್ಬರು ಎರಡು ನಾಯಿಗಳ ಜೊತೆ ಬಂದರು. ಕುಮಾರ ಪಾರ್ಕಿನಿಂದ ಒಂದು ಕಾರು ಬಂತು. ಮಧ್ಯಾಹ್ನದ ಹೊತ್ತಿಗೆ ಬೀದಿಯ ನೆರಳಿನಲ್ಲಿ ಹನ್ನೊಂದು ಮುಧೋಳಗಳು ಕೂತಿದ್ದವು. ಒಂದೂ ಬೊಗಳಲಿಲ್ಲ.

"ಒಟ್ಟು ಎಷ್ಟು ಜನಕ್ಕೆ ಬರೆದುಕೊಟ್ಟಿದ್ರಪ್ಪ?" ಎಂದು ರವಿಕುಮಾರನನ್ನು ಕೇಳಿದರು ದಾಕ್ಷಾಯಣಮ್ಮ.

"ನಮ್ ವಾಟ್ಸಾಪ್ ಗ್ರೂಪಲ್ಲೇ ನೂರ ಹದಿನಾರು ನಾಯಿ ಇದಾವಮ್ಮ. ಎಲ್ಲ ಅವ್ರದ್ದೇ ಕೈಬರಹ."

ಪುಟ್ಟಯ್ಯ ಎದ್ದು ಬಾಗಿಲಿಗೆ ಬಂದು ಬೀದಿಯ ನಾಯಿಗಳನ್ನು ಎಣಿಸಿದರು. ದಾಕ್ಷಾಯಣಮ್ಮನಿಗೆ ಹೆಮ್ಮೆಯಾಯಿತು. ಗಂಡ ಹೋದ ದಿನವೇ ಹೀಗೆ ಹೆಮ್ಮೆಪಡಬಹುದೇ ಎಂದು ಒಂದು ಗಳಿಗೆ ಯೋಚಿಸಿ, ಪಡಬಹುದು ಎಂದೇ ತೀರ್ಮಾನಿಸಿದರು.

ದೀಪ್ತಿಯೂ ಬಂದಿದ್ದಳು. ಅತ್ತು ಅವಳ ಕಣ್ಣು ಕೆಂಪಾಗಿತ್ತು. "ಅಮ್ಮ, ಮಲ್ಲಿ ಪಾಲಿಸೀಲಿ ಮಾಲೀಕರ ಹೆಸರು ಬದಲಾಯಿಸ್ಬೇಕಾಗುತ್ತೆ. ಅವಸರ ಇಲ್ಲ. ತೋಟದವರ ಹೆಸರು ಅಂತ ಮಾನ್ಯ ಹೇಳಿದ್ಲು."

"ತೋಟದವರದ್ದಲ್ಲ. ದಾಕ್ಷಾಯಣಮ್ಮ, ಕೋಂ ಪಂಚಾಕ್ಷರಯ್ಯ ಅಂತ ಬರ್ಕೋ."

"ಅಮ್ಮ, ಅವ್ರು ನಾಲ್ಕಕ್ಕೆ ಬರ್ತಾರೆ," ಎಂದ ಕೈಲಾಸ್.

"ಬರ್ಲಿ. ಕಾಫಿ ಕೊಟ್ಟು ಕಳ್ಸು."

ದಾಕ್ಷಾಯಣಮ್ಮ ಎದ್ದು ಹೊಸ್ತಿಲ ಬಳಿ ಹೋದರು. ಬಗ್ಗಿ, ಮೊದಲ ಸಲ, ಮಲ್ಲಿಯ ಕತ್ತಿನ ಮೇಲೆ ಕೈಯಿಟ್ಟರು. ಅಷ್ಟು ನಯವಾಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ರವಿಕುಮಾರ್ ಬೆಲ್ಟಿನ ಕುಣಿಕೆಯನ್ನು ಅವರ ಮುಂಗೈಗೆ ಹೇಗೆ ಹಾಕಿಕೊಳ್ಳಬೇಕೆಂದು ತೋರಿಸಿದ. ಬೆಳಗಿನಿಂದ ಅಲ್ಲಾಡದ ನಾಯಿ ಎದ್ದು ನಿಂತಿತು.

ದೇಹವನ್ನು ಕೂರಿಸಿದ ಹೂವಿನ ವಿಮಾನ ಹೊತ್ತ ಗಾಡಿ ಹೊರಟಿತು. ಅದರ ಹಿಂದೆ ಬೋಳುಹಣೆಯ ದಾಕ್ಷಾಯಣಮ್ಮ ಮತ್ತು ಮಲ್ಲಿ, ಅವರ ಹಿಂದೆ ಹನ್ನೊಂದು ನಾಯಿಗಳು, ಆಮೇಲೆ ನೆಂಟರು. ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸಿನವನು ಗಾಬರಿಯಿಂದ ಕೈ ಎತ್ತಿ ಬಸ್ಸುಗಳನ್ನು ನಿಲ್ಲಿಸಿದ.

"ಯಾರ್ ಸಾರ್ ಹೋಗಿರೋದು? ದೊಡ್ಡೋರಾ?"

ಪುಟ್ಟಯ್ಯ ನಿಂತರು. "ನನ್ನ ತಮ್ಮ," ಎಂದರು.

ಸಿಗ್ನಲ್ ಕೆಂಪಾಯಿತು, ಮತ್ತೆ ಹಸಿರಾಯಿತು. ಬಸ್ಸಿನ ಕಿಟಕಿಗಳ ತುಂಬ ಮುಖಗಳು ತುಂಬಿಕೊಂಡವು. ಒಬ್ಬರೂ ಹಾರನ್ ಹಾಕಲಿಲ್ಲ. ಕೊನೆಯ ನಾಯಿ ತನ್ನ ಉದ್ದ ಕಾಲುಗಳನ್ನು ನಿಧಾನವಾಗಿ ಎತ್ತಿಡುತ್ತ ರಸ್ತೆ ದಾಟುವವರೆಗೂ ಪೊಲೀಸಿನವನು ಎತ್ತಿದ ಕೈ ಇಳಿಸಲಿಲ್ಲ.